ಬಸಗೊಂಡಪ್ಪನ ಕಿವಿ

ನೆಗಡಿಯಾಗಿ ಕಿವಿ ಗುಂಯ್ ಅನ್ನುತ್ತಿದೆಯೆಂದು ಬಸಗೊಂಡಪ್ಪ ಗೋಳಾಡಿದ. ಹೆಂಡತಿ ಶಂಕ್ರೆವ್ವ ಎರಡೂ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಅರಳೆ ತುರುಕಿದಳು. ಗುಂಯ್ ನಿಂತಿತು, ಅದರ ಜೊತೆಗೆ ಲೋಕದ ಉಳಿದ ಸದ್ದೂ ನಿಂತಿತು.

ಬೇರೆ ದಿನವಾಗಿದ್ದರೆ ಪುಣ್ಯವೇ ಅನ್ನಬಹುದಿತ್ತು. ಆದರೆ ಅಂದು ತಮ್ಮನ ಮಗಳ ನಿಶ್ಚಯ. ಬಬಲೇಶ್ವರದ ಆ ಓಣಿಯಲ್ಲಿ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಬಾರಿಸಿ ಖರೆಯೋ ಖೊಟ್ಟಿಯೋ ಎಂದು ಹೇಳುವವನು ಬಸಗೊಂಡಪ್ಪನೇ. ಹೊಸ ಪೈಸೆ ಬಂದ ಮೇಲಂತೂ ಹಳೇ ರೂಪಾಯಿಗೂ ಅವನಿಗೂ ಬೆಲೆ ಏರಿತ್ತು. ಪಂಕ್ತಿಯಲ್ಲಿ ಮೊದಲ ತಾಟು ಅವನಿಗೆ ಸಿಗುತ್ತಿದ್ದುದು ಈ ಕಿವಿಯಿಂದಲೇ. ಕೇಳಿಸುವುದಿಲ್ಲವೆಂದು ಹೇಗೆ ಹೇಳಿಯಾನು? ಹೆಂಡತಿಗೂ ಹೇಳಲಿಲ್ಲ. ಕಾಣುವಷ್ಟು ಅರಳೆ ಕಿತ್ತ, ಒಳಗೆ ಹೋದದ್ದು ಬರಲಿಲ್ಲ.

ಹುಡುಗಿಯ ಕೊರಳಿಗೆ ರೂಪಾಯಿ ಸರ ಹಾಕುವುದೆಂದು ಮಾತಾಗಿತ್ತು. ಬಳಗದವರು ಒಂದೊಂದು ರೂಪಾಯಿ ತಂದು ಹರಿವಾಣಕ್ಕೆ ಹಾಕಿದ್ದರು. ಗಂಡಿನ ಅಪ್ಪ, ನಿಡೋಣಿಯ ಅಮೋಘಿ, ಅನುಮಾನದ ಮನುಷ್ಯ. ವಿಜಾಪುರದಿಂದ ಬೆಳ್ಳಿ ಬಂಗಾರದ ಕೆಲಸದ ಪತ್ತಾರನನ್ನೂ ಉಳಿ ಸಮೇತ ಕರೆತಂದಿದ್ದ. ಎಲ್ಲವನ್ನೂ ಕಡಿದು ನೋಡಿದರೆ ಸರಕ್ಕೇನು ಉಳಿದೀತು? ಅದಕ್ಕೇ ಮೊದಲು ಕಿವಿ, ತಕರಾರು ಬಂದರೆ ಉಳಿ ಎಂದು ತೀರ್ಮಾನವಾಯಿತು.

ಬಸಗೊಂಡಪ್ಪ ಒಂದು ಬಾರಿಸಿದ. ಏನೂ ಕೇಳಲಿಲ್ಲ. ಖರೆ ಅಂದ. ಮತ್ತೊಂದು ಬಾರಿಸಿದ, ಅದೂ ಖರೆ. ತಲೆದೂಗುತ್ತ ಅರ್ಧ ಹರಿವಾಣ ಖರೆ ಮಾಡಿದ. ಅಮೋಘಿಯ ಹುಬ್ಬು ಮೇಲೇರಿತು. ತಮ್ಮ ಬಳಗದ್ದೆಲ್ಲ ಖರೇನೇ ಅನ್ನುತ್ತಾನೆ ಎಂದು ಆ ಹುಬ್ಬೇ ಹೇಳುತ್ತಿತ್ತು. ಒಂದಾದರೂ ಖೊಟ್ಟಿ ಅನ್ನದೆ ಮಾನ ಉಳಿಯುವಂತಿರಲಿಲ್ಲ. ಮುಂದಿನದನ್ನು ಬಾರಿಸಿ ಮುಖ ಕಿವುಚಿದ.

"ಇದು ಖೊಟ್ಟಿ ಐತ್ರಿ. ತಗದ ಇಡ್ರಿ."

ಶಂಕ್ರೆವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಅವಳ ದನಿ ಮಾತ್ರ ಎಣ್ಣೆ, ಅರಳೆ ಎಲ್ಲ ದಾಟಿ ಒಳಗಿಳಿಯಿತು.

"ಅದು ನಂದ್ರಿ. ಮದುವ್ಯಾಗ ನಿಮ್ಮಪ್ಪ ಹಾಕಿದ ಸರದಾಗಿಂದ ಬಿಚ್ಚಿ ಕೊಟ್ಟೇನಿ. ಅವತ್ತ ನೀವ ಬಾರಿಸಿ ಖರೆ ಅಂದಿದ್ರಿ."

ಅಂದಿದ್ದು ನಿಜ. ಆದರೆ ಅಂದು ಅವನ ಗಮನ ರೂಪಾಯಿಯ ಮೇಲಿರಲಿಲ್ಲ, ಹುಡುಗಿಯ ಮೇಲಿತ್ತು.

ಅಮೋಘಿ ಪತ್ತಾರನಿಗೆ ಸನ್ನೆ ಮಾಡಿದ. ರೂಪಾಯಿ ಖರೆಯಾದರೆ ತನ್ನ ಮಾನ ಹೋಗುತ್ತದೆ, ಖೊಟ್ಟಿಯಾದರೆ ಸರ ಹಾಕಿದ ಅಪ್ಪನದು. ದೇವರಲ್ಲಿ ಏನು ಬೇಡಿಕೊಳ್ಳಬೇಕೆಂದೇ ಪಾಪ ಬಸಗೊಂಡಪ್ಪನಿಗೆ ತಿಳಿಯಲಿಲ್ಲ.

ಉಳಿ ಬಿತ್ತು. ಬೆಳ್ಳಿಯ ತೆಳು ಪದರದೊಳಗೆ ತಾಮ್ರ ಕೆಂಪಗೆ ಕಂಡಿತು.

ಅಮೋಘಿ ಎದ್ದು ಬಂದು ಬಸಗೊಂಡಪ್ಪನನ್ನು ತಬ್ಬಿ, ಬೆನ್ನಿಗೆ ಗುದ್ದಿ, ಕಿವಿಯ ಹತ್ತಿರವೇ ಕೂಗಿದ.

"ಹೆಂಡ್ತಿ ರೂಪಾಯಿಗೂ ಸುಳ್ಳ ಹೇಳಲಿಲ್ಲ ನೋಡ್ರಿ. ಇನ್ನ ಉಳಿದದ್ದ ಬಾರಿಸೂದ ಬ್ಯಾಡ, ನಮಗ ಎಲ್ಲಾ ಒಪ್ಪಿಗಿ."

ನಿಶ್ಚಯ ಗಟ್ಟಿಯಾಯಿತು. ಎಲ್ಲರೂ ನಕ್ಕರು, ಶಂಕ್ರೆವ್ವ ಒಬ್ಬಳನ್ನು ಬಿಟ್ಟು. ಅವಳು ಕೊರಳಿನ ಸರವನ್ನೇ ತೆಗೆದು ಗಂಡನ ಮುಂದೆ ಕಲ್ಲಿನ ಮೇಲೆ ಇಟ್ಟಳು.

"ಇವನ್ನೂ ಬಾರಿಸಿ ಹೇಳ್ರಿ."

ಬಸಗೊಂಡಪ್ಪ ಒಂದನ್ನು ಬಿಚ್ಚಿ ಬಾರಿಸಿದ. ಬೀಗರ ಗುದ್ದಿಗೋ ಏನೋ, ಒಳಗಿನ ಅರಳೆ ಸಡಿಲಾಗಿ ಕಿವಿ ಬಿಟ್ಟಿತ್ತು. ಮಡಕೆಯ ಚೂರು ಬಿದ್ದಂಥ ಖೊಟ್ಟಿ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಖರೆ" ಅಂದ.

ಶಂಕ್ರೆವ್ವ ಪತ್ತಾರನ ಕಡೆ ಕೈ ಚಾಚಿ ಉಳಿ ಕೇಳಿದಳು.