ನಾಲ್ಕು ಮನೆಯ ಗೂಡು, ಒಂದೇ ಗಾಡಿ

ಅನುಮಾನ ಒಳ್ಳೆಯ ಗುಣವೆಂದು ನಾನು ವಾದಿಸುವುದಿಲ್ಲ. ಆದರೆ ಅದು ಇಲ್ಲದವರಿಗೆ ನಿದ್ದೆ ಹೇಗೆ ಬರುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮದುವೆಮನೆಯಲ್ಲಿ ಒಂದು ಚಪ್ಪಲಿಯನ್ನು ಬಾಗಿಲ ಈಚೆ, ಇನ್ನೊಂದನ್ನು ಆಚೆ ಬಿಡುವವನು ನಾನು. ಕದಿಯುವವನು ಜೋಡಿ ಹುಡುಕಿ ಸುಸ್ತಾಗಲಿ ಎಂದು. ಊಟವಾದ ಮೇಲೆ ನಾನೇ ಹುಡುಕಿ ಸುಸ್ತಾದದ್ದೂ ಉಂಟು. ಡೈರಿಯ ಹತ್ತಿರ ಯಾರಾದರೂ "ಚೆಂದಾಗಿದ್ದೀಯಾ?" ಎಂದರೆ, ಇವನಿಗ್ಯಾಕಪ್ಪಾ ಬೇಕಿತ್ತು ಎಂದು ಮನೆ ಮುಟ್ಟುವವರೆಗೂ ಯೋಚಿಸುತ್ತೇನೆ.

ಇಂಥ ನನ್ನ ಹತ್ತಿರ ಪಕ್ಕದ ಮನೆಯ ಪುಟ್ಟಸ್ವಾಮಿ ಬಂದು, "ಲೇ ಸಿದ್ದ, ಈ ಸಲ ನಾಲ್ಕು ಮನೆ ಗೂಡ್ನೂ ಒಂದೇ ಗಾಡಿಗೆ ಹಾಕ್ಬುಡಾನ ಕಣ್ಲಾ" ಎಂದ. ನಮ್ಮ ಕೈಲಾಂಚದ ಕಡೆ ರೇಷ್ಮೆಗೂಡು ಬಿಡಿಸಿದವರು ಅವರವರೇ ಒಂದೊಂದು ಗಾಡಿ ಮಾಡಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವುದು ರೂಢಿ. ಒಂದೇ ಬೀದಿಯಿಂದ ನಾಲ್ಕು ಗಾಡಿ ಅರ್ಧರ್ಧ ತುಂಬಿಕೊಂಡು, ಒಂದರ ಹೊಗೆ ಇನ್ನೊಂದು ಕುಡಿಯುತ್ತಾ ಹೋಗಿ, ಬರುವಾಗ ಖಾಲಿ ಬರುತ್ತವೆ. ಪುಟ್ಟಸ್ವಾಮಿ ಗೊತ್ತು ಮಾಡಿದ್ದು ಬ್ಯಾಟರಿ ಗಾಡಿ. ವಾಪಸ್ ಬರುವಾಗ ಅದರಲ್ಲೇ ಡೈರಿಗೆ ಹಸುವಿನ ಫೀಡು. "ಹೊಗೆ ಇಲ್ಲ, ಸದ್ದಿಲ್ಲ, ದಂಡದ ಓಡಾಟ ಇಲ್ಲ" ಎಂದ.

ಸದ್ದಿಲ್ಲ ಎಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ಸದ್ದಿಲ್ಲದೆ ಆಗುವ ಒಳ್ಳೆಯ ಕೆಲಸ ಯಾವುದಿದೆ, ಹೇಳಿ? ನಾವು ಹುಳುಮನೆಯ ಬಾಗಿಲಿಗೆ ಸುಣ್ಣ ಚೆಲ್ಲಿ, ನೆಂಟರನ್ನೂ ಹೊಸಿಲಾಚೆಯೇ ನಿಲ್ಲಿಸುವ ಜನ. ಒಳಗೆ ರೋಗ ಬರಬಾರದು ಎನ್ನುವುದು ಹೇಳುವ ಕಾರಣ, ಕಣ್ಣು ಬೀಳಬಾರದು ಎನ್ನುವುದು ಹೇಳದ ಕಾರಣ. ಅಂಥ ಗೂಡನ್ನು ಮಂದಿಯ ಗೂಡಿನ ಜೊತೆ ಕಳಿಸುವುದೇ? ಅದೂ ಈ ಬೆಳೆಯನ್ನು! ಹಿಂದಿನ ಬೆಳೆ ರೋಗಕ್ಕೆ ಪೂರಾ ಹೋಗಿ, ಹುಳುವನ್ನೆಲ್ಲ ಗುಂಡಿ ತೋಡಿ ಮುಚ್ಚಿದ ದಿನ ನನ್ನ ಹೆಂಡತಿ ಜಯಮ್ಮ ಊಟ ಮಾಡಿರಲಿಲ್ಲ. ಈ ಸಲ ಸೊಪ್ಪು ಕೊಯ್ದು, ಕಸ ತೆಗೆದು, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡು ಬೆಳ್ಳನೆಯ, ಗಟ್ಟಿ ಗೂಡು ಮಾಡಿಸಿದ್ದಳು. ಅದು ಹರಾಜಿನಲ್ಲಿ ನಮ್ಮನೆಯದೆಂದು ನಾಲ್ಕು ಜನರ ಮುಂದೆ ನಿಲ್ಲಬೇಕು ಎನ್ನುವುದು ಅವಳ ಆಸೆ. ಪುಟ್ಟಸ್ವಾಮಿಯ ಗೂಡು ಈ ಸಲ ಮೆತ್ತಗಿತ್ತು. ದಾರಿಯಲ್ಲಿ ಮೂಟೆ ಬದಲಾದರೆ ಗತಿ?

"ಹುಳ ಸಾಕ್ದೋಳು ನಾನೇ ಸುಮ್ಕಿವ್ನಿ, ನಿಮ್ಗ್ಯಾವ್ ರೋಗ ಬಂತು?" ಎಂದಳು ಜಯಮ್ಮ. ಒಪ್ಪಿಕೊಂಡೆ. ಒಪ್ಪಿಕೊಂಡು, ಅವಳ ಹಳೆ ಸೀರೆಯ ಕೆಂಪು ಅಂಚು ಹರಿದು ನಮ್ಮ ಮೂಟೆಗಳ ಬಾಯಿ ಕಟ್ಟಿದೆ. ಬೆಳಿಗ್ಗೆ ಗಾಡಿ ಬೀದಿ ದಾಟಿದ್ದೇ ತಡ, ಬೈಕ್ ತೆಗೆದು ಹಿಂದೆ ಬಿದ್ದೆ.

ಊರಾಚೆ ತಿರುವಿನಲ್ಲಿ ನೋಡಿದರೆ ಪುಟ್ಟಸ್ವಾಮಿ! ಅವನೂ ಬೈಕಿನಲ್ಲಿ. "ಹಲ್ಲು ನೋವು ಕಣ್ಲಾ, ಡಾಕ್ಟ್ರತ್ರ ಹೊಂಟಿವ್ನಿ" ಎಂದ, ಕಡ್ಲೆಕಾಯಿ ಜಗಿಯುತ್ತಾ. ನಾನು ಬೀಗರ ಮನೆಗೆ ಎಂದೆ. ಮುಂದೆ ಹೋದರೆ ಮಿಕ್ಕ ಎರಡು ಮನೆಯವರೂ ಹಾಜರು. ಅವರಿಗೂ ಅವತ್ತೇ ರಾಮನಗರದಲ್ಲಿ ಕೆಲಸ ಬಿದ್ದಿತ್ತಂತೆ. ಹೊಗೆಯಿಲ್ಲದ ಗಾಡಿಯೊಂದು ಮುಂದೆ, ಅದನ್ನು ಕಾಯಲು ಹೊಗೆ ಉಗುಳುವ ನಾಲ್ಕು ಬೈಕು ಹಿಂದೆ. ಎದುರಿಗೆ ಬಂದ ಬಸ್ಸಿನ ಜನ ಯಾರೋ ಮಂತ್ರಿ ಬರುತ್ತಿದ್ದಾರೆಂದು ಇಣುಕಿ ನೋಡಿದರು.

ರಾಮನಗರ ಹತ್ತಿರವಾದಾಗ ಡ್ರೈವರ್ ಮಂಜ ಟೀ ಕುಡಿಯಲು ನಿಲ್ಲಿಸಿದ. ನಾನು ಗಾಡಿ ಹತ್ತಿ ನಮ್ಮ ಮೂಟೆ ಬಿಚ್ಚಿದೆ. "ನಮ್ದ್ಯಾಕ್ಲಾ ಮುಟ್ತೀಯಾ?" ಎಂದು ಪುಟ್ಟಸ್ವಾಮಿಯೂ ಹತ್ತಿದ. ಎರಡೇ ಗಳಿಗೆಯಲ್ಲಿ ಮೂಟೆಗಳೆಲ್ಲ ರಸ್ತೆಬದಿಗೆ ಇಳಿದವು. ಎಲ್ಲರೂ ಅವರವರ ಮೂಟೆಯೊಳಗೆ ಕೈ ಹಾಕಿ, ಮಂದಿಯ ಮೂಟೆಯ ಮೇಲೆ ಕಣ್ಣಿಟ್ಟಿದ್ದರು. ಮಂಜ ಟೀ ಲೋಟ ಹಿಡಿದು ನೋಡಿದ. "ಅಣ್ಣೋ, ನೀವೇ ಹೊತ್ಕೊಂಡ್ ಮುಂದೆ ನಡೀರಿ. ನಾನು ಕಾಯ್ಕೊಂಡು ಹಿಂದ್ಗಡೆ ಬತ್ತೀನಿ." ನಾಚಿಕೆಯಾಗಿ, ಗಡಿಬಿಡಿಯಲ್ಲಿ ಕಟ್ಟಿ ಏರಿಸಿದೆವು.

ಮಾರ್ಕೆಟ್ಟಿನಲ್ಲಿ ಕೆಂಪು ಅಂಚಿನ ಮೂಟೆ ಬಿಚ್ಚಿ ಸುರಿದೆ. ಕೊಳ್ಳುವವನೊಬ್ಬ ಬಂದು ಒಂದು ಗೂಡನ್ನು ಅಮುಕಿ, ಮೂಗು ಮುರಿದು, ಹಾಗೇ ಹಾಕಿ ಹೋದ. ನಾನೂ ಅಮುಕಿದೆ. ಮೆತ್ತಗೆ! ಮನೆಗೆ ಹೋಗಿ ಜಯಮ್ಮನಿಗೆ ಯಾವ ಮುಖ ತೋರಿಸಲಿ? ಕಳ್ಳ ನನ್ಮಗ, ಕೊನೆಗೂ ಮಾಡಿದನಲ್ಲ ಎಂದು ಕೊರಳಪಟ್ಟಿ ಹಿಡಿಯಲು ಪುಟ್ಟಸ್ವಾಮಿಯ ಕಡೆ ನುಗ್ಗಿದೆ.

ಅವನೇ ಎದುರು ಓಡಿ ಬಂದ. "ಲೇ ಸಿದ್ದ, ಎಲ್ಲೋಗಿದ್ಯಲಾ? ಅಲ್ಲಿ ನಾನು ಸುರ್ದಿರೋದು ನಮ್ ಗೂಡಲ್ಲ ಕಣ್ಲಾ. ಅಂಥ ಗಟ್ಟಿ ಗೂಡು ಈ ಸಲ ನಮ್ಮನೇಲೆಲ್ಲೈತೆ? ಅದು ಜಯಕ್ಕಂದು. ಹರಾಜು ಕೂಗೋಕ್ ಮುಂಚೆ ಬದ್ಲಾಯ್ಸು ಬಾ."

ಅವನ ಮೂಟೆಗೆ ಕೆಂಪು ಅಂಚು ಬಿಗಿದವನು ರಸ್ತೆಬದಿಯಲ್ಲಿ ಗಡಿಬಿಡಿ ಮಾಡಿದ ನಾನೇ. ಕೊರಳಪಟ್ಟಿ ಹಿಡಿಯಲು ಎತ್ತಿದ್ದ ಕೈಯಲ್ಲಿ ಅವನ ಹೆಗಲು ತಟ್ಟಿದೆ. ಅವನು ಅದನ್ನು ಸ್ನೇಹವೆಂದೇ ತಿಳಿದ, ಪಾಪ. ಜಯಮ್ಮನ ಗೂಡು ಅವಳ ಮನೆಯ ಹೆಸರಿನಲ್ಲೇ ನಿಂತಿತು; ಸುತ್ತ ಜನವೋ ಜನ.

ಆದರೆ ನಮ್ಮ ಬೈಕ್ ಮೆರವಣಿಗೆಯ ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ಜಯಮ್ಮನೂ ಪುಟ್ಟಸ್ವಾಮಿಯ ಹೆಂಡತಿಯೂ ಕೂತು ತೀರ್ಮಾನ ಮಾಡಿದರು: ಇನ್ನು ಗಾಡಿ ಒಂದೇ, ಮಾರ್ಕೆಟ್ಟಿಗೆ ಅದರಲ್ಲಿ ಹೋಗುವವರು ತಾವಿಬ್ಬರೇ. ಗೂಡಿನ ದಿನ ನನ್ನ ಬೈಕಿನ ಕೀ ಪುಟ್ಟಸ್ವಾಮಿಯ ಮನೆಯಲ್ಲಿ, ಅವನದು ನಮ್ಮ ಮನೆಯಲ್ಲಿ.

ಮುಂದಿನ ಬೆಳೆಯ ಗಾಡಿ ಸದ್ದಿಲ್ಲದೆ ಹೊರಟುಹೋಯಿತು. ನಾವಿಬ್ಬರೂ ಅವನ ಮನೆಯ ಜಗಲಿಯ ಮೇಲೆ ಕೂತೆವು. ಮಳೆ, ಸೊಪ್ಪು, ಎಲೆಕ್ಷನ್ನು ಎಲ್ಲ ಮಾತಾಡಿದೆವು. ಇಂಥ ಸ್ನೇಹಿತನನ್ನು ಅನುಮಾನಿಸಿದೆನಲ್ಲಾ ಎಂದು ನನಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟರಲ್ಲಿ ಅವನು, "ಒಸಿ ನೀರು ಕುಡ್ಕಂಡ್ ಬತ್ತೀನಿ ಕಣ್ಲಾ" ಎಂದು ಎದ್ದು, ನನ್ನ ಬೈಕಿನ ಕೀ ಇದ್ದ ಒಳಮನೆಗೆ ಹೋದ.

ನನಗೂ ಬಾಯಾರಿತು. ಹಿಂದೆಯೇ ಹೋದೆ.