ದೊಡ್ಡ ರಕ್ತಕಣದ ಗುಮಾಸ್ತ

ಹೆಸರಿಲ್ಲದ ಕಾಯಿಲೆಯವನಿಗೆ ಯಾವ ಮರ್ಯಾದೆಯೂ ಇಲ್ಲವೆಂಬುದು ನನಗೆ ತಿಳಿದದ್ದು ಧಾರವಾಡದಿಂದ ನಾಗಪುರದ ರೈಲ್ವೆ ಕಚೇರಿಗೆ ವರ್ಗವಾಗಿ ಬಂದ ಮೇಲೆ. ಟೈಫಾಯ್ಡ್ ಆದವನನ್ನು ನೋಡಲು ಜನ ಕಿತ್ತಳೆ ಹಿಡಿದು ಬರುತ್ತಾರೆ. ನನಗಿದ್ದದ್ದು ಬರೀ ಸುಸ್ತು, ಉರಿಯುವ ನಾಲಗೆ, ಜುಮುಗುಡುವ ಪಾದ. ಎರಡು ವರ್ಷ ಇವನ್ನು ಹೊತ್ತು ತಿರುಗಿದ್ದಕ್ಕೆ ಸಿಕ್ಕಿದ್ದು ಉಪದೇಶ ಮಾತ್ರ. ಸದರ್ ಬಡಾವಣೆಯ ಡಾಕ್ಟರರೊಬ್ಬರು ನಾಡಿ ಮುಟ್ಟದೆಯೇ, ಮದುವೆಯಾದರೆ ಸರಿಹೋಗುತ್ತದೆ ಎಂದರು. ಮೂರು ಮಕ್ಕಳಿದ್ದಾರೆ ಎಂದೆ. ಹಾಗಾದರೆ ಅದೇ ಕಾರಣವಿರಬೇಕು ಎಂದರು.

ನಮ್ಮ ಹೆಡ್ ಕ್ಲಾರ್ಕ್ ಬಾಪಟರು ಇನ್ನೂ ನಿಖರವಾಗಿದ್ದರು. "ಕುಲಕರ್ಣಿ, ನಿಮ್ಮ ಸುಸ್ತು ಬರೋಬರ್ ಫೈಲ್ ಬಂದಾಗಲೇ ಬರುತ್ತದೆ," ಎಂದು, ಮುಂದಿನ ರಜೆಯ ಅರ್ಜಿಯಲ್ಲಿ ರೋಗದ ಹೆಸರಿಲ್ಲದಿದ್ದರೆ ಸಾಹೇಬರಿಗೆ ಬರೆಯುವುದಾಗಿ ಹೇಳಿದರು. ಕೆಲಸವೇ ಹೋಗುವ ಮಾತು. ಗಾಬರಿಯಾದ ಹೆಂಡತಿ ನನ್ನನ್ನು ರಾಮದಾಸಪೇಠದ ಡಾಕ್ಟರ್ ಯಮುನಾಬಾಯಿಯವರ ಹತ್ತಿರ ಎಳೆದೊಯ್ದಳು. ಬಾಯಿಯವರು ಮರಾಠಿಯವರು, ಬೆಳೆದದ್ದು ಬೆಳಗಾವಿಯಲ್ಲಿ.

ನಾನು ಹೇಳತೊಡಗಿದೆ. ಅವರು ಕೇಳುತ್ತಲೇ ಇದ್ದರು. ಯಾರೂ ಹೀಗೆ ಕೇಳಿ ಅಭ್ಯಾಸವಿಲ್ಲದ್ದರಿಂದ ನಡುವೆ ಮಾತು ನಿಲ್ಲಿಸಿಬಿಟ್ಟೆ. "ನಿಲ್ಲಿಸಬ್ಯಾಡ್ರಿ, ಮುಂದ ಹೇಳ್ರಿ," ಎಂದರು. ನನ್ನ ಕಣ್ಣು ತುಂಬಿತು. ಸೂಜಿ ಚುಚ್ಚುವ ಮೊದಲೇ ಅತ್ತ ರೋಗಿ ಎಂದು ಕಾಂಪೌಂಡರ್ ನನ್ನನ್ನು ಕರುಣೆಯಿಂದ ನೋಡಿದ.

ರಿಪೋರ್ಟ್ ಬಂತು. ಮಲೇರಿಯಾ ಇಲ್ಲ, ಸಕ್ಕರೆ ಇಲ್ಲ, ಏನೂ ಇಲ್ಲ. ಪರೀಕ್ಷೆಯಲ್ಲಿ ಪಾಸಾಗಿ ಇಷ್ಟು ದುಃಖಪಟ್ಟವನು ನಾನೊಬ್ಬನೇ ಇರಬೇಕು.

"ಹಂಗಾರ ನಾನು ಸುಳ್ಳು ಹೇಳಾಕತ್ತೀನಿ ಅಂತಾತು," ಎಂದೆ.

"ನಿಮಗ ತ್ರಾಸ ಐತಿ. ಕಾರಣ ನಮಗ ಇನ್ನೂ ಸಿಕ್ಕಿಲ್ಲ, ಅಷ್ಟ. ಇನ್ನೊಮ್ಮೆ ರಕ್ತ ಕೊಡ್ರಿ, ಈ ಸಲ ನಾನ ಕೂತು ನೋಡ್ತೀನಿ."

ಮೂರನೆಯ ದಿನ ಅವರೇ ಹೇಳಿಕಳಿಸಿದರು. ಹೆಂಡತಿಯೊಡನೆ ಹೋದೆ. "ನಿಮ್ಮ ಕೆಂಪು ರಕ್ತಕಣ ಇರಬೇಕಾದ್ದಕ್ಕಿಂತ ದೊಡ್ಡವು ಅದಾವ. ಒಂದು ಜೀವಸತ್ವ ಕಡಿಮಿ ಬಿದ್ದದ. ಇನ್ನಷ್ಟು ದಿನ ಬಿಟ್ಟಿದ್ರ ನಡಿಯೋದ ಕಷ್ಟ ಆಗ್ತಿತ್ತು. ಇಂಜೆಕ್ಷನ್ ಐತಿ, ಅಂಜಬ್ಯಾಡ್ರಿ."

ಹೆಂಡತಿ ಇಂಜೆಕ್ಷನ್ ಎಷ್ಟು, ಯಾವಾಗ ಎಂದು ಕೇಳತೊಡಗಿದಳು. ನನಗೆ ಕೇಳಿಸಿದ್ದು 'ದೊಡ್ಡವು' ಎಂಬ ಮಾತೊಂದೇ. ನೇರವಾಗಿ ಕಚೇರಿಗೆ ಹೋಗಿ, ನನ್ನ ರಕ್ತಕಣಗಳು ಸಾಮಾನ್ಯರದಕ್ಕಿಂತ ದೊಡ್ಡವೆಂದು ಬಾಪಟರಿಗೆ ತಿಳಿಸಿದೆ. ಅವರು ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು. ಒಂದು ವಾರ ಇಡೀ ಸೆಕ್ಷನ್ ನನ್ನೊಡನೆ ಮೆಲುದನಿಯಲ್ಲಿ ಮಾತಾಡಿತು.

ನಾಲ್ಕು ತಿಂಗಳಲ್ಲಿ ಗುಣವಾಯಿತು. ಇನ್ನು ಆರು ತಿಂಗಳು ಬರಬೇಕಾಗಿಲ್ಲ ಎಂದರು ಬಾಯಿಯವರು. ಸಂತೋಷದಿಂದ ಮನೆಗೆ ಬಂದೆ. ಆದರೆ ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕಾಗಿ ಕಾಯುವವರು ಇಡೀ ನಾಗಪುರದಲ್ಲಿ ಅವರೊಬ್ಬರೇ. ಮುಂದಿನ ತಿಂಗಳು ಮತ್ತೆ ಹೋಗಿ ಬೆಂಚಿನ ಮೇಲೆ ಕೂತೆ.

"ಈಗ ಏನಾಗೇದ್ರಿ?"

"ಆರಾಮ ಅದೀನ್ರಿ ಬಾಯಿ. ಅದನ್ನ ಹೇಳಾಕ ಬಂದೆ."

"ಹೊರಗ ಹನ್ನೆರಡು ಮಂದಿ ಕೂತಾರ, ಕುಲಕರ್ಣಿ," ಎಂದರು. ಆದರೂ ನಾಡಿ ಹಿಡಿದರು. ನಾನು ಮುಖವನ್ನು ಒಂದಿಷ್ಟು ಬಾಡಿಸಿಕೊಂಡೆ.