ನರಸಮ್ಮನ ಕಣ್ಣಿಗೆ ಬೆಟ್ಟದ ಗಾಳಿ

ತೂಬಗೆರೆಯ ಅಪ್ಪಯ್ಯಣ್ಣ ಹಿತ್ತಲಲ್ಲಿ ನಿಂತು, ದೂರದ ನಂದಿ ಬೆಟ್ಟಕ್ಕೆ ಬೆರಳು ತೋರಿಸಿ ಹೆಂಡತಿಯೆದುರು ಘೋಷಿಸಿಯೇಬಿಟ್ಟ: "ಆಸ್ಪತ್ರೆಯಂತೆ, ಆಪರೇಷನ್ನಂತೆ! ಬೆಂಗಳೂರು ಜನ ಕಾರು ಮಾಡ್ಕಂಡು ಬಂದು ತಗಳ್ಳೋ ಗಾಳಿ ಅಲ್ಲೈತೆ. ಒಂದ್ಸಲ ಅಲ್ಲಿ ಸೂರ್ಯ ಹುಟ್ಟೋದು ನೋಡು, ನಿನ್ನ ಕಣ್ಣು ಫಳಫಳ ಅಂತದೆ!"

ನರಸಮ್ಮನಿಗೆ ಒಂದು ವರ್ಷದಿಂದ ಕಣ್ಣು ಮಸುಕು. ಪೊರೆ ಬಂದಿದೆ, ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿಯೇ ಐದು ತಿಂಗಳಾಗಿತ್ತು. ಆದರೆ ಸೂಜಿ ಕಂಡರೇ ಬವಳಿ ಬರುವ ಅಪ್ಪಯ್ಯಣ್ಣ, ಹೆಂಡತಿಯ ಕಣ್ಣಿಗೆ ಕತ್ತರಿ ಎಂದರೆ ಸುಮ್ಮನಿರುತ್ತಾನೆಯೇ? ಏನಾದರೂ ಹೆಚ್ಚುಕಮ್ಮಿಯಾದರೆ ಎಂದು ಒಳಗೊಳಗೇ ನಡುಗಿಹೋಗಿದ್ದ. ಅದನ್ನು ಬಾಯಿಬಿಟ್ಟು ಹೇಳಲು ಬಿಗುಮಾನ ಬಿಡಲಿಲ್ಲ. ಹಾಗಾಗಿ ಬೆಟ್ಟ!

ಭಾನುವಾರ ಬೆಳಗಿನ ಜಾವ ಇಬ್ಬರೂ ಬೆಟ್ಟದ ಬುಡಕ್ಕೆ ಹೋದರೆ, ಇಡೀ ಬೆಂಗಳೂರೇ ಅಲ್ಲಿ ಸಾಲುಗಟ್ಟಿ ಹಾರನ್ ಒತ್ತುತ್ತಿತ್ತು. ಅಪ್ಪಯ್ಯಣ್ಣ ಸಂದಿಯಲ್ಲಿ ಸ್ಕೂಟರ್ ನುಗ್ಗಿಸಿ ಗೇಟಿಗೆ ಬಂದ.

"ಗಾಡಿ ಮೇಲೆ ಬಿಡಾಕೆ ಬುಕಿಂಗ್ ಮೆಸೇಜ್ ತೋರ್ಸಿ," ಅಂದ ಕಾವಲಿನವನು.

"ಏನಪ್ಪಾ, ಹುಟ್ಟಿದಾಗಿಂದ ನಮ್ಮ ಹಿತ್ತಲಲ್ಲೇ ಐತೆ ಈ ಬೆಟ್ಟ! ನಮಗ್ಯಾತರ ಬುಕಿಂಗು?"

"ಹಂಗಾದ್ರೆ ಹಿತ್ತಲಿಂದ್ಲೇ ನೋಡ್ಕಳಿ ಯಜಮಾನ್ರೇ. ಇಲ್ಲಾಂದ್ರೆ ಮೆಟ್ಲು ಹತ್ಕಂಡೋಗಿ."

ಸೋಲೊಪ್ಪುವುದುಂಟೇ? ಸಾವಿರಕ್ಕೂ ಮೇಲೆ ಮೆಟ್ಟಿಲು. ನರಸಮ್ಮ ಪ್ರತಿಯೊಂದನ್ನೂ ಮೊದಲು ಪಾದದಿಂದ ತಡವಿ, ಆಮೇಲೆ ಹತ್ತುತ್ತಿದ್ದಳು. ಒಂದು ಕಡೆ ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ ಮುಗ್ಗರಿಸಿದಳು. ಇವಳಿಗೆ ಇಷ್ಟೂ ಕಾಣುವುದಿಲ್ಲವೇ ಎಂದು ಬೆಚ್ಚಿದ ಅಪ್ಪಯ್ಯಣ್ಣ ಅವಳ ಕೈ ಹಿಡಿದುಕೊಂಡ.

"ನೋಡ್ಕಂಡು ಹತ್ತೇ!" ಎಂದು ಗದರಿದ. ಗದರಿದ್ದು ತನ್ನ ಹೆದರಿಕೆಗೆ.

ಮೇಲೆ ಹೋದರೆ ಸೂರ್ಯನೂ ಇಲ್ಲ, ಊರೂ ಇಲ್ಲ! ಎಲ್ಲವನ್ನೂ ಮಂಜು ನುಂಗಿ ಕೂತಿತ್ತು. ಚಾಚಿದ ಕೈ ತನಗೇ ಕಾಣದು. ನೂಕುನುಗ್ಗಲಿನಲ್ಲಿ ಹೆಂಡತಿಯ ಕೈಯೂ ತಪ್ಪಿಹೋಯಿತು.

"ನರಸೀ! ಎಲ್ಲಿದ್ದೀಯೇ?" ಏನೋ ಸೆರಗು ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡ.

"ಹಲೋ ಅಂಕಲ್, ದುಪಟ್ಟಾ ಬಿಡಿ!" ಎಂದಿತು ಯಾವುದೋ ಹುಡುಗಿಯ ದನಿ.

ಗಾಬರಿಯಿಂದ ಹಿಂದೆ ಸರಿದವನು ಕಲ್ಲಿಗೆ ಎಡವಿ ಧೊಪ್ಪೆಂದು ಕೂತ. ಮುಂದೆ ನೆಲವಿದೆಯೋ ಪ್ರಪಾತವಿದೆಯೋ ತಿಳಿಯದು. ಅಲುಗಾಡಲೂ ಧೈರ್ಯ ಸಾಲಲಿಲ್ಲ.

"ಏನೂ ಕಾಣ್ತಿಲ್ಲ ಕಣೇ... ಭಯ ಆಯ್ತದೆ," ಎಂದ. ದನಿ ಅಳುವಿನಂತಿತ್ತು.

ಪಕ್ಕದಿಂದಲೇ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು.

"ಏಳಿ, ನಾನು ಇಳಿಸ್ಕಂಡೋಗ್ತೀನಿ," ಎಂದಳು ನರಸಮ್ಮ. "ನಂಗಿದು ಒಂದು ವರ್ಷದಿಂದ ಅಭ್ಯಾಸ ಐತೆ."